ಇಂದುಬಾಯಿ ಕಲಿತ ಐಸ್‌ಲ್ಯಾಂಡಿಕ್

ಈಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರು ಏನೇ ಹೇಳಲಿ, ‘ಹೌದು’ ಎನ್ನುವ ಬದಲು ಉಸಿರನ್ನು ಗಕ್ಕನೆ ಒಳಗೆಳೆದುಕೊಂಡು ‘ಯೌ’ ಎನ್ನುತ್ತೇನೆ. ತಮಾಷೆಗೆಂದು ಶುರುವಾದದ್ದು, ಈಗ ಬಿಡಿಸಿಕೊಳ್ಳಲು ಆಗುತ್ತಿಲ್ಲ. ಮೊನ್ನೆ ನನ್ನ ತಮ್ಮನ ಹೆಂಡತಿ ಪಕ್ಕದಲ್ಲಿ ಕೂಡಿಸಿಕೊಂಡು, ದಮ್ಮು ಯಾವಾಗಿನಿಂದ ಹತ್ತಿದೆ, ಡಾಕ್ಟರಿಗೆ ತೋರಿಸಿದ್ದೀರಾ ಎಂದು ಮೆಲ್ಲಗೆ ವಿಚಾರಿಸಿದಳು. ಇದು ದಮ್ಮಲ್ಲ, ಐಸ್‌ಲ್ಯಾಂಡಿನ ಜನ ಹೌದೆನ್ನುವ ರೀತಿ ಎಂದೆ. ದಮ್ಮೇ ಆಗಿದ್ದರೆ ಚೆನ್ನಾಗಿತ್ತು ಎಂಬಂತೆ ಅವಳು ನನ್ನ ಮುಖ ನೋಡಿದಳು.

ಅವಳದೇನೂ ತಪ್ಪಿಲ್ಲ. ಭಾಲ್ಕಿಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿ, ಬೀದರಿನ ಮಂಗಲಪೇಟೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತ ಹೆಂಗಸಿಗೆ ಐಸ್‌ಲ್ಯಾಂಡಿಕ್ ಯಾಕೆ? ನೀವೂ ಅದನ್ನೇ ಕೇಳುತ್ತೀರಿ. ಹೇಳುತ್ತೇನೆ. ನಡುನಡುವೆ ನಗು ಬಂದರೆ ನಗಿರಿ, ನಾವೂ ನಕ್ಕಿದ್ದೆವು. ಆದರೆ ಇದು ನಗುವ ಕಥೆಯಲ್ಲ.

ನನ್ನ ತಾಯಿ ನರ್ಸು. ಔರಾದ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತ ಓಡಾಡಿದವಳು. ಎಲ್ಲರ ಬಾಯಲ್ಲೂ ಆಕೆ ಸಿಸ್ಟರಮ್ಮ. ನಮ್ಮ ಮನೆಯ ಸ್ಟೋವಿನ ಮೇಲೆ ಒಂದು ಪಾತ್ರೆಯಲ್ಲಿ ಚಹ ಕುದಿಯುತ್ತಿದ್ದರೆ ಇನ್ನೊಂದರಲ್ಲಿ ಸೂಜಿಗಳು ಕುದಿಯುತ್ತಿದ್ದವು. ಆಕೆಯ ಸೀರೆಗೆ ಸ್ಪಿರಿಟ್ಟಿನ ವಾಸನೆ. ಸಣ್ಣವಳಿದ್ದಾಗ ನಾನು, ಕೂಸುಗಳೆಲ್ಲ ಆಕೆಯ ಕರಿ ಚೀಲದಲ್ಲೇ ಇರುತ್ತವೆ, ಆಕೆ ಮನೆಮನೆಗೆ ಹೋಗಿ ಒಂದೊಂದನ್ನು ಕೊಟ್ಟು ಬರುತ್ತಾಳೆ ಎಂದು ನಂಬಿದ್ದೆ. ಒಂದು ಕೂಸನ್ನು ಆಕೆ ಕೊಟ್ಟು ಬಂದಿರಲಿಲ್ಲ, ತೆಗೆದುಕೊಂಡು ಬಂದಿದ್ದಳು ಎಂಬುದು ನನಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಅಷ್ಟರಲ್ಲಿ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ತಿಳಿದದ್ದು ಇಮೇಲಿನಿಂದ. ಬರೆದವಳ ಹೆಸರು ಸಿಗ್ರೂನ್. ಐಸ್‌ಲ್ಯಾಂಡಿನಲ್ಲಿ ಬೆಳೆದವಳು, ಮೂವತ್ತನಾಲ್ಕು ವರ್ಷ. ತನ್ನನ್ನು ಹಸುಗೂಸಾಗಿದ್ದಾಗ ಭಾರತದಿಂದ ದತ್ತು ತಂದರು, ಆಗಿನ ಒಂದು ಕಾಗದ ಸಿಕ್ಕಿದೆ, ಅದರಲ್ಲಿರುವ ಸಹಿ ನಿಮ್ಮ ತಾಯಿಯದೆಂದು ವಿಚಾರಿಸಿ ತಿಳಿದೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಕಾಗದದ ಫೋಟೋ ಜೊತೆಗಿತ್ತು. ಸಹಿ ನನ್ನ ತಾಯಿಯದೇ. ನನ್ನ ಪ್ರಗತಿ ಪತ್ರಗಳ ಕೆಳಗೆಲ್ಲ ಇದ್ದ ಅದೇ ಬಾಲದ ಸಹಿ. ಅದರ ಮೇಲೆ ಎರಡು ಶಬ್ದ: ಇಂದು, ಚಿಂತಾಕಿ.

ನಾನು ಸಂತಪುರದ ಮಾರ್ಗವಾಗಿ ಔರಾದಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಚಿಂತಾಕಿಗೆ ಹೋದೆ. ಇಂದುಬಾಯಿ ಸಿಕ್ಕಿದ್ದು ಶಾಲೆಯ ಅಡುಗೆ ಕೋಣೆಯಲ್ಲಿ. ಮಕ್ಕಳ ಬಿಸಿಯೂಟಕ್ಕೆ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಯಾರ ಮಗಳೆಂದು ಹೇಳಿದೆ. ಮೊರದಲ್ಲಿದ್ದ ಅವಳ ಕೈ ನಿಲ್ಲಲಿಲ್ಲ. ಒಂದೊಂದೇ ಕಲ್ಲನ್ನು ಆರಿಸಿ ಪಕ್ಕಕ್ಕಿಡುತ್ತ, ತಲೆ ಎತ್ತದೆಯೇ ಕೇಳಿದಳು:

“ಜೀವಂತ ಅದಾಳೇನ್ರಿ?”

ಇದ್ದಾಳೆ, ನಿನ್ನನ್ನು ನೋಡಬೇಕೆನ್ನುತ್ತಾಳೆ, ಇನ್ನು ಐದು ತಿಂಗಳಿಗೆ ಬರುತ್ತಾಳೆ ಎಂದೆ. ಇಂದುಬಾಯಿ ಎದ್ದು ಹೊರಗೆ ಹೋಗಿ ನಳದಲ್ಲಿ ಮುಖ ತೊಳೆದುಕೊಂಡು ಬಂದು ಮತ್ತೆ ಅಕ್ಕಿಯ ಮುಂದೆ ಕೂತಳು. ನಡೆದದ್ದು ಇಷ್ಟು: ಅವಳಿಗೆ ಇಪ್ಪತ್ತರ ಹರೆಯದಲ್ಲಿ, ಏಳು ತಿಂಗಳು ತುಂಬಿದಾಗ ಗಂಡ ಸತ್ತ. ಕೂಸು ಹುಟ್ಟಿದ ಮೇಲೆ ಅತ್ತೆಯ ಮನೆಯವರು ಕರೆಯಲಿಲ್ಲ. ತವರಿನವರು ಕೂಸನ್ನು ಕೊಟ್ಟು ಬಂದರೆ ನಮ್ಮಲ್ಲಿರು ಎಂದರು. ಅವಳು ಸಿಸ್ಟರಮ್ಮನ ಕೈಗೆ ಕೊಟ್ಟಳು. ಅಂದಿನಿಂದ ಅಣ್ಣನ ಮನೆಯಲ್ಲೇ ಇದ್ದಾಳೆ. ಆ ಮನೆಯಲ್ಲಿ ಈ ಮಾತು ಎತ್ತುವಂತಿಲ್ಲ.

ಮುಂದಿನ ಗುರುವಾರ ಅವಳೇ ಬೀದರಿಗೆ ಬಂದಳು. ಮನೆಯಲ್ಲಿ ಕಣ್ಣಿನ ಆಸ್ಪತ್ರೆಗೆಂದು ಹೇಳಿದ್ದಳಂತೆ. ಸಿಗ್ರೂನಳ ಫೋಟೋ ತೋರಿಸಿದೆ. ನೋಡಿದಳು. ಹಣೆ ನನ್ನ ಅವ್ವನದು ಎಂದಳು. ಆಮೇಲೆ ಆಕೆ ಯಾವ ಮಾತಾಡುತ್ತಾಳೆ ಎಂದು ಕೇಳಿದಳು. ಇಂಗ್ಲಿಷ್ ಬರುತ್ತದೆ, ನಾನಿದ್ದೇನಲ್ಲ, ನಡುವೆ ನಿಂತು ಹೇಳುತ್ತೇನೆ ಎಂದೆ.

“ಅದಲ್ರಿ. ಆಕಿ ಕನಸಿನ್ಯಾಗ ಮಾತಾಡ್ತಾಳಲ್ಲ, ಆ ಮಾತು. ಅದರಾಗ ನನಗ ಒಂದೇ ಒಂದು ಮಾತು ಕಲಿಸ್ರಿ ಅಕ್ಕೋರ. ಅದೊಂದು ಹೇಳೂ ಮುಂದ ನಡುವ ಬ್ಯಾರೆಯವರ ಬಾಯಿ ಬ್ಯಾಡ.”

ಇನ್ನೊಬ್ಬರಾಗಿದ್ದರೆ ನನಗೆ ಬರುವುದಿಲ್ಲ ಎನ್ನುತ್ತಿದ್ದರು. ನಾನು ವ್ಯಾಕರಣದವಳು. ಕೇಶಿರಾಜನಿಗೆ ಹೆದರದವಳು ಇದಕ್ಕೆ ಹೆದರುತ್ತೇನೆಯೇ ಎಂಬ ಠೇಂಕಾರ ಒಳಗಿತ್ತು. ಆಗಲಿ, ಪ್ರತಿ ಗುರುವಾರ ಬಾ ಎಂದುಬಿಟ್ಟೆ. ಮರುದಿನ ನೆಟ್ ಅಂಗಡಿಗೆ ಹೋಗಿ, ಹೊಸದಾಗಿ ಕಲಿಯುವವರಿಗೆಂದು ಇಂಗ್ಲಿಷಿನಲ್ಲಿ ಬರೆದ ನಲವತ್ತು ಪುಟಗಳ ಪಾಠಗಳನ್ನು ಮುದ್ರಿಸಿ, ಸುರುಳಿ ತಂತಿ ಹಾಕಿಸಿಕೊಂಡು ಬಂದೆ. ಕಿವಿಯಲ್ಲಿ ಫೋನಿನ ತಂತಿ, ಕೈಯಲ್ಲಿ ಕೆಂಪು ಪೆನ್ನು. ಬೇರೆಯವರ ಭಾಷೆಯ ಪಾಠಕ್ಕೆ ಕೆಂಪು ಪೆನ್ನು ಯಾಕೆಂದು ಕೇಳಬೇಡಿ, ಕೈಗೆ ಬೇರೆ ಬಣ್ಣ ಒಗ್ಗುವುದಿಲ್ಲ.

ನಿಜ ಹೇಳುತ್ತೇನೆ, ಆ ಐದು ತಿಂಗಳು ನನಗೆ ಮತ್ತೆ ನೌಕರಿ ಸಿಕ್ಕಿದಂತಿತ್ತು. ಆ ಭಾಷೆಗೆ ನಾಲ್ಕು ವಿಭಕ್ತಿ. ನಾವು ರಾಮನು, ರಾಮನನ್ನು ಎಂದು ಬಾಯಿಪಾಠ ಮಾಡಿದಂತೆ ಅಲ್ಲಿಯ ಮಕ್ಕಳು ಕುದುರೆಯನ್ನು ಹಿಡಿದು ಕಲಿಯುತ್ತಾರೆ. ಇಲ್ಲಿ ಕುದುರೆ, ಕುದುರೆಯ ವಿಷಯ, ಕುದುರೆಯಿಂದ, ಕುದುರೆಯ ಬಳಿಗೆ: ಹೆಸ್ತುರ್, ಹೆಸ್ತ್, ಹೆಸ್ತಿ, ಹೆಸ್ತ್ಸ್. ಇಂಗ್ಲಿಷಿನಲ್ಲಿ ಮನುಷ್ಯರ ಹೆಸರು ಕಲ್ಲಿನಂತೆ, ಎಲ್ಲಿಟ್ಟರೂ ಅದೇ. ಇವರ ಹೆಸರು ನಮ್ಮ ಹೆಸರಿನ ಹಾಗೆ ಬಾಗುತ್ತದೆ. ಸಿಗ್ರೂನಳ ವಿಷಯ ಮಾತಾಡಿದರೆ ಸಿಗ್ರೂನು, ಅವಳ ಬಳಿಗೆ ಹೋದರೆ ಸಿಗ್ರೂನಾರ್. ಒಂದು ಎಂಬ ಎಣಿಕೆಗೂ ಒಬ್ಬ, ಒಬ್ಬಳು, ಒಂದು ಎಂಬಂತೆ ಮೂರು ರೂಪ. ಮನೆತನದ ಅಡ್ಡಹೆಸರು ಸಾಮಾನ್ಯವಾಗಿ ಇಲ್ಲ. ತಂದೆಯ ಹೆಸರಿನ ಕೊನೆಗೆ ‘ದೋಹ್ತಿರ್’ ಎಂದು ಹಚ್ಚಿದರೆ ಇಂಥವನ ಮಗಳು ಎಂದಾಯಿತು. ಇದನ್ನು ಹೇಳಿದಾಗ ಇಂದುಬಾಯಿ, ಆಕೆಯ ಹೆಸರಿನಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಸಾಕಿದ ತಂದೆ ಎಂದೆ.

“ಬರೋಬ್ಬರಿ ಅದ,” ಎಂದಳು. “ಸಾಕಿದವರದೇ ಇರಬೇಕು.”

ಅವಳಿಗೆ ತೀರ ಸಹಜವಾಗಿ ಬಂದದ್ದು ಚತುರ್ಥಿ ವಿಭಕ್ತಿ. ಇಂಗ್ಲಿಷಿನವರು ನಾನು ಚಳಿಯಾಗಿದ್ದೇನೆ ಎಂಬಂತೆ ಹೇಳುತ್ತಾರೆ. ಐಸ್‌ಲ್ಯಾಂಡಿನವರು ‘ಮ್ಯೇರ್ ಎರ್ ಕಾಲ್ತ್’ ಎನ್ನುತ್ತಾರೆ, ನನಗೆ ಚಳಿ. ಈ ಸ್ವಾರಸ್ಯವನ್ನು ನಾನು ಎರಡು ನಿಮಿಷ ವಿವರಿಸಿದೆ. ಇಂದುಬಾಯಿ ನನ್ನನ್ನು ಕನಿಕರದಿಂದ ನೋಡಿದಳು.

“ಮತ್ತ ಹ್ಯಾಂಗ ಹೇಳಬೇಕ್ರಿ? ಚಳಿ ನಮಗ ಆಗ್ತದ. ನಾವೇ ಚಳಿ ಆಗ್ತೇವೇನು?”

ಉಚ್ಚಾರದಲ್ಲಿ ಮಾತ್ರ ಇಬ್ಬರೂ ಸೋತೆವು. ಬರೆಯುವುದು ಎರಡು ಲಕಾರ, ಅನ್ನುವುದು ‘ತ್ಲ್’. ಬೆಟ್ಟ ಎನ್ನಲು ‘ಫ್ಯಾತ್ಲ್’. ಉಪಕಾರ ಎನ್ನಲು ‘ತಹ್ಕ್’. ಆ ಕಕಾರ ಬರುವ ಮೊದಲು ಗಂಟಲಿನಿಂದ ಸಣ್ಣ ಉಸಿರೊಂದು ಬರಬೇಕು. ಇಂದುಬಾಯಿ ಹೇಳಿದರೆ ಒಗ್ಗರಣೆಯ ಖಾರ ಹತ್ತಿದಂತೆ ಕೇಳುತ್ತಿತ್ತು. ಹೌದೆನ್ನಲು ಉಸಿರನ್ನು ಒಳಗೆಳೆಯುವುದು ಅವಳಿಗೆ ಬಹಳ ಸೇರಿತ್ತು, ನನಗೆ ಈ ಚಾಳಿ ಬಂದದ್ದು ಅವಳ ದೆಸೆಯಿಂದ. ಎಲ್ಲಕ್ಕಿಂತ ಕಷ್ಟವಾದದ್ದು ಅವರ ಒಂದು ಥಕಾರ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಬೇಕು. ಇಂದುಬಾಯಿಗೆ ನಾಚಿಕೆ. ದೊಡ್ಡವರ ಮುಂದೆ ನಾಲಿಗೆ ಹೊರಗೆ ಹಾಕುವುದು ಹೇಗೆ? ಮೇಲಾಗಿ ಮುಂದಿನ ಒಂದು ಹಲ್ಲು ಬಿದ್ದಿತ್ತು. ಆ ಅಕ್ಷರ ಬಂದಾಗಲೆಲ್ಲ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳುತ್ತಿದ್ದಳು. ನಾನು ಸೆರಗು ತೆಗೆ ಎಂದು ಎರಡು ಸಲ ಹೇಳಿದೆ. ಆಮೇಲೆ ಹೋಗಲಿ ಎಂದು ಬಿಟ್ಟೆ.

ಇನ್ನೊಂದು ಶಬ್ದಕ್ಕೆ ಇಬ್ಬರೂ ನಕ್ಕದ್ದು ನೆನಪಿದೆ. ಅವರ ಭಾಷೆಯಲ್ಲಿ ‘ಅಮ್ಮ’ ಎಂದರೆ ಅಜ್ಜಿ. ಇಂದುಬಾಯಿ, ನಾವು ಹೇಗೂ ಅವ್ವ ಎನ್ನುವವರು, ಅಜ್ಜಿಗೆ ಏನಾದರೂ ಅಂದುಕೊಳ್ಳಲಿ ಎಂದಳು.

ಅವಳು ಹೇಳಬೇಕೆಂದಿದ್ದ ಮಾತು ಒಂದೇ. ನಿನ್ನನ್ನು ಮರೆತಿಲ್ಲ. ನಾನು ಅದನ್ನು ವ್ಯಾಕರಣಕ್ಕೆ ಕೊರತೆಯಿಲ್ಲದಂತೆ ಕಟ್ಟಿದೆ: ‘ಯೆಗ್ ಹೇವ್ ಅಲ್ತ್ರೇ ಕ್ಲೇಮ್ತ್ ಥ್ಯೇರ್.’ ನಾನು ಎಂದೂ ನಿನ್ನನ್ನು ಮರೆತಿಲ್ಲ. ಇದರಲ್ಲಿ ಒಂದು ಸೊಗಸಿದೆ, ಮರೆ ಎಂಬ ಅವರ ಕ್ರಿಯಾಪದ ಚತುರ್ಥಿಯನ್ನೇ ಬೇಡುತ್ತದೆ, ನಿನ್ನನ್ನು ಅಲ್ಲ, ನಿನಗೆ ಎಂದೆ. ಐದು ಶಬ್ದ ಕೇಳಿ ಇಂದುಬಾಯಿ ಅಂಜಿದಳು. ಜರಾ ಸಣ್ಣದು ಇಲ್ಲವೇ ಎಂದಳು. ಸಣ್ಣದು ಮಾಡಿದರೆ ವಾಕ್ಯ ಅಪೂರ್ಣವಾಗುತ್ತದೆ ಎಂದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಅವ್ವ ಎನ್ನಲು ಅವರಲ್ಲಿರುವ ಒಂದು ಶಬ್ದ ಕಲಿಸಿದ್ದರೆ ಸಾಕಾಗಿತ್ತು ಎಂದು ಈಗ ಅನಿಸುತ್ತದೆ.

ಅವಳು ಹಿಟ್ಟು ನಾದುತ್ತ ಕಲಿತಳು. ಸಂತಪುರದ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಸೆರಗಿನೊಳಗೆ ಕಲಿತಳು. ಪಕ್ಕದ ಹೆಂಗಸೊಬ್ಬಳು ಯಾವ ದೇವರ ಜಪ ಎಂದು ಕೇಳಿದಳಂತೆ, ಡಾಕ್ಟರು ಬಾಯಿಗೆ ಕಸರತ್ತು ಕೊಟ್ಟಿದ್ದಾರೆ ಎಂದು ಹೇಳಿದಳಂತೆ. ಕೊನೆಯ ‘ಥ್ಯೇರ್’ ಮಾತ್ರ ಅವಳ ಬಾಯಲ್ಲಿ ‘ತೇರಾ’ ಆಗುತ್ತಿತ್ತು. ನಮ್ಮ ಊರಿನ ಉರ್ದುವಿನ ‘ತೇರಾ’, ಅಂದರೆ ನಿನ್ನದು. ಅರ್ಥವೇನೂ ಬಹಳ ದೂರವಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಸಿಗ್ರೂನ್ ಹೈದರಾಬಾದಿನಿಂದ ಕಾರು ಮಾಡಿಕೊಂಡು ಒಬ್ಬಳೇ ಬಂದಳು. ಎತ್ತರದ ಹುಡುಗಿ, ನಮ್ಮದೇ ಬಣ್ಣ, ನಡಿಗೆ ಮಾತ್ರ ನಮ್ಮದಲ್ಲ. ಇಂದುಬಾಯಿ ಬೆಳಗ್ಗೆಯೇ ಬಂದು ನಮ್ಮ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿತ್ತು. ಸಿಗ್ರೂನ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವಳ ಮುಂದೆ ನೆಲದ ಮೇಲೆ ಕೂತು, ಬಹಳ ತಯಾರಿ ಮಾಡಿಕೊಂಡವಳ ಹಾಗೆ ನಿಧಾನವಾಗಿ ‘ಅಮ್ಮ’ ಎಂದಳು.

ಇಂದುಬಾಯಿ ಗಾಬರಿಯಾಗಿ ನನ್ನ ಕಡೆ ನೋಡಿದಳು.

“ಅಜ್ಜಿ ಅಂತಾಳಲ್ರಿ. ನಾ ಅಷ್ಟು ಮುದುಕಿ ಕಾಣ್ತೇನೇನ್ರಿ?”

ನಾನು ತಡಮಾಡದೆ, ಆಕೆ ನಿನಗಾಗಿ ಕನ್ನಡ ಕಲಿತು ಬಂದಿದ್ದಾಳೆ, ಇದು ನಮ್ಮ ಅಮ್ಮ ಎಂದು ಬಿಡಿಸಿ ಹೇಳಿದೆ. ಸಿಗ್ರೂನಳಿಗೂ ಇಂಗ್ಲಿಷಿನಲ್ಲಿ ಹೇಳಿದೆ. ಆದರೆ ಅಮ್ಮ ಎಂದರೆ ಅಜ್ಜಿ ಎಂಬುದು ಇಂದುಬಾಯಿಗೆ ಹೇಗೆ ಗೊತ್ತೆಂದು ಅವಳು ಕೇಳಬಾರದಲ್ಲ, ಐದು ತಿಂಗಳ ಪಾಠದ ನಮ್ಮ ಗುಟ್ಟು ಒಡೆದೀತು. ಅದಕ್ಕೆ, ನಾನೇ ಹಿಂದೆ ಒಮ್ಮೆ ತಮಾಷೆಗೆ ಹೇಳಿದ್ದೆ ಎಂದು ಸೇರಿಸಿದೆ. ಮೂವರೂ ನಕ್ಕೆವು. ಆ ಮಧ್ಯಾಹ್ನ ಮೂವರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಎರಡು ತಾಸು ಮಾತಾಯಿತು, ಎಲ್ಲ ನನ್ನ ಬಾಯಿಂದ. ಸಿಗ್ರೂನ್, ನನ್ನ ತಂದೆ ಹೇಗಿದ್ದ, ನಾನು ಯಾವ ಹೊತ್ತಿನಲ್ಲಿ ಹುಟ್ಟಿದೆ ಎಂದು ಕೇಳಿದಳು. ಇಂದುಬಾಯಿ ಮೂರೋ ನಾಲ್ಕೋ ಶಬ್ದಗಳಲ್ಲಿ ಉತ್ತರ ಕೊಟ್ಟಳು. ಆ ಊರಿನಲ್ಲಿ ಚಳಿ ಬಹಳವೇ, ಸಾಕಿದವರು ಹೊಡೆಯಲಿಲ್ಲವಲ್ಲ ಎಂದಷ್ಟೇ ಅವಳು ಕೇಳಿದ್ದು. ಸಿಗ್ರೂನ್ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ನಮ್ಮ ಒಪ್ಪಿಗೆ ಕೇಳಿಯೇ, ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು.

ಹೊರಡುವ ಹೊತ್ತು ಬಂತು. ಎಲ್ಲರೂ ಎದ್ದು ನಿಂತೆವು. ಇಂದುಬಾಯಿ ಮಗಳ ಕೈ ಹಿಡಿದುಕೊಂಡಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪರೀಕ್ಷೆಯ ಕೋಣೆಯ ಹೊರಗೆ ನಿಂತ ಹಾಗಿತ್ತು. ಇಂದುಬಾಯಿ ಇನ್ನೊಂದು ಕೈಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಒಂದು ಶಬ್ದವನ್ನೂ ಬಿಡದೆ, ಐದನ್ನೂ ಹೇಳಿದಳು.

ಸಿಗ್ರೂನ್ ತಲೆ ತಿರುಗಿಸಿ ನನ್ನನ್ನು ನೋಡಿದಳು. ಏನು ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವಳಿಗೆ ಅದು ಕನ್ನಡವೆಂದೇ ಅನಿಸಿತ್ತು.

ಆಗ ನಾನು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಇದು ನಿನ್ನದೇ ಭಾಷೆ, ಇನ್ನೊಮ್ಮೆ ಕೇಳು, ಇಂದೂ, ಸೆರಗು ತೆಗೆದು ಇನ್ನೊಮ್ಮೆ ಹೇಳು. ಎರಡು ತಾಸಿನ ಹಿಂದೆ ಅಮ್ಮ ಎಂಬ ಶಬ್ದದ ಗೊಂದಲವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಬಿಡಿಸಿದವಳು ನಾನೇ. ಇದನ್ನು ಯಾಕೆ ಬಿಡಿಸಲಿಲ್ಲ? ಬಹಳ ದಿನ ನನಗೆ ನಾನೇ, ಇಂದುಬಾಯಿಯ ಮನಸ್ಸು ನೋಯಬಾರದೆಂದು ಸುಮ್ಮನಾದೆ ಎಂದು ಹೇಳಿಕೊಂಡೆ. ಅದು ಅರ್ಧ ಸತ್ಯ. ಅಮ್ಮ ಎಂಬುದರಲ್ಲಿ ತಪ್ಪು ನನ್ನದಾಗಿರಲಿಲ್ಲ. ಇದು ನನ್ನ ಪಾಠ. ಐದು ತಿಂಗಳು ಕಲಿಸಿದ ಐದು ಶಬ್ದವನ್ನು ಆ ಭಾಷೆಯವಳೇ ಗುರುತಿಸಲಿಲ್ಲ ಎಂಬುದು ಬಯಲಾಗುವುದು ನನಗೆ ಬೇಕಿರಲಿಲ್ಲ. ನಾನು ಇಂಗ್ಲಿಷಿನಲ್ಲಿ, ನಿನ್ನನ್ನು ಎಂದೂ ಮರೆತಿಲ್ಲ ಎನ್ನುತ್ತಿದ್ದಾಳೆ ಎಂದೆ.

ಸಿಗ್ರೂನ್ ಅತ್ತಳು. ಇಂದುಬಾಯಿಯನ್ನು ತಬ್ಬಿಕೊಂಡಳು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ನಡೆದಂತೆ ಕಾಣುತ್ತಿತ್ತು.

ಕಾರು ಓಣಿಯ ತಿರುವು ದಾಟಿದ ಮೇಲೆ ಇಂದುಬಾಯಿ ಹೊಸ್ತಿಲ ಮೇಲೆ ಕೂತಳು.

“ತಿಳೀತೇನ್ರಿ ಆಕಿಗಿ?”

“ತಿಳೀತು,” ಎಂದೆ.

“ಮತ್ತ ನಿಮ್ಮ ಕಡಿ ಯಾಕ ನೋಡಿದಳ್ರಿ?”

“ನೀ ಆಕಿ ಭಾಷಾ ಆಡಿದ್ದಕ್ಕ ನಂಬಿಕಿ ಬರಲಿಲ್ಲ. ಖರೇ ಏನು ಅಂತ ನನ್ನ ಕೇಳಿದಳು.”

ಇಂದುಬಾಯಿ ಕಣ್ಣೊರೆಸಿಕೊಂಡು, ಉಳಿದ ಎರಡು ಹೋಳಿಗೆಯನ್ನು ನನಗೆ ಕೊಟ್ಟು, ಔರಾದದ ಬಸ್ಸಿಗೆ ಹೋದಳು. ಅವಳು ಅಷ್ಟು ಹಗುರಾಗಿ ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನು ಹೋಳಿಗೆಯನ್ನು ಬಾಯಿಗಿಡಲಾರದೆ ಪಕ್ಕದ ಮನೆಗೆ ಕೊಟ್ಟೆ.

ಮೂರು ತಿಂಗಳಾದ ಮೇಲೆ ಸಿಗ್ರೂನಳ ಇಮೇಲ್ ಬಂತು. ಇಷ್ಟು ದಿನ ಆ ರೆಕಾರ್ಡನ್ನು ಕೇಳುವ ಧೈರ್ಯ ಬಂದಿರಲಿಲ್ಲವಂತೆ. ಹೋದ ಭಾನುವಾರ ಸಾಕಿದ ತಾಯಿಯ ಜೊತೆ ಕೂತು ಹಚ್ಚಿದಳಂತೆ. ಕೊನೆಗೆ ಬಂದಾಗ ಆ ತಾಯಿ ಅದನ್ನು ನಿಲ್ಲಿಸಿ ಇನ್ನೊಮ್ಮೆ ಹಚ್ಚು ಎಂದರಂತೆ, ಮತ್ತೊಮ್ಮೆ ಎಂದರಂತೆ. ಮೂರನೆಯ ಸಲಕ್ಕೆ, ಸಿಗ್ರೂನ್, ಈಕೆ ನಮ್ಮ ಮಾತು ಆಡುತ್ತಿದ್ದಾಳಲ್ಲ ಎಂದು ಅತ್ತುಬಿಟ್ಟರಂತೆ. ಅವಳು ಮುಂದೆ ಹೀಗೆ ಬರೆದಿದ್ದಳು: ವಿಭಕ್ತಿ ಕೂಡ ಸರಿಯಾಗಿತ್ತು. ನೀವು ಯಾಕೆ ಹೇಳಲಿಲ್ಲ? ಆಕೆ ಅದನ್ನು ಹೇಳುವಾಗ ನಾನು ಆಕೆಯ ಮುಖ ಬಿಟ್ಟು ನಿಮ್ಮ ಮುಖ ನೋಡಿದೆ. ದಯವಿಟ್ಟು ಆಕೆಗೆ ತಿಳಿಸಿ, ತಡವಾದರೂ ನನಗೆ ಅದು ಅರ್ಥವಾಯಿತು ಎಂದು.

ವಿಭಕ್ತಿ ಸರಿಯಾಗಿತ್ತು ಎಂಬುದನ್ನು ನಾನು ಎರಡು ಸಲ ಓದಿದೆ. ನಾಚಿಕೆಯ ನಡುವೆಯೂ ಮೊದಲು ಓದಿದ್ದು ಅದನ್ನೇ. ನಾನು ಎಂಥವಳೆಂದು ನಿಮಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಇಂದುಬಾಯಿ ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಮೊನ್ನೆ ಬಂದಳು. ಆ ಸುದ್ದಿಯನ್ನು ಅವಳಿಗೆ ಮುಟ್ಟಿಸಬೇಕೆಂದು ಬೆಳಗಿನಿಂದ ಮಾತು ಜೋಡಿಸುತ್ತಿದ್ದೆ. ಹೇಗೆ ಜೋಡಿಸಿದರೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಮಗಳಿಗೆ ಈಗ ತಿಳಿಯಿತು ಎನ್ನಬೇಕಾದರೆ, ಅಂದು ತಿಳಿದಿರಲಿಲ್ಲ ಎನ್ನಬೇಕು. ಮೂವತ್ತನಾಲ್ಕು ವರ್ಷದ ಮೇಲೆ ಅವಳಿಗೆ ಸಲ್ಲಬೇಕಾಗಿದ್ದ ಒಂದೇ ಒಂದು ಒಳ್ಳೆಯ ಸುದ್ದಿ ಅದು. ಅದನ್ನು ನಾನು ಸುಳ್ಳಾಗಿದ್ದಾಗಲೇ ಕೊಟ್ಟುಬಿಟ್ಟಿದ್ದೆ. ಈಗ ನಿಜವಾಗಿದೆ, ಕೊಡುವ ಹಾಗಿಲ್ಲ.

ಅವಳು ಪತ್ರ ಬಂತೇ ಎಂದು ಕೇಳಿದಳು. ಬಂದಿದೆ, ಆರಾಮ ಇದ್ದಾಳಂತೆ ಎಂದೆ. ಮತ್ತೇನಾದರೂ ಬರೆದಿದ್ದಾಳೆಯೇ ಎಂದಳು. ಫೋನು ನನ್ನ ಕೈಯಲ್ಲೇ ಇತ್ತು.

“ನೀ ಹೇಳಿದ ಮಾತು ನೆನಪದ ಅಂತ ಬರದಾಳ.”

ಇಂದುಬಾಯಿಗೆ ಅದೇನೂ ವಿಶೇಷ ಅನಿಸಲಿಲ್ಲ.

“ನೆನಪು ಇರಲೇಬೇಕಲ್ರಿ. ಆಕಿ ಮಾತಿನ್ಯಾಗೇ ಹೇಳೀನಿ.”

ನಾನು ಚಹಕ್ಕೆ ನೀರಿಡಲು ಒಳಗೆ ಹೋದೆ. ಸಿಗ್ರೂನಳಿಗೆ ಇನ್ನೂ ಉತ್ತರ ಬರೆದಿಲ್ಲ.